ಹೊಸ ಯು-ಬೂಟ್ ಬರೆದರೂ ಹಳೆಯ ಸೆಟ್ಟಿಂಗ್ ಏಕೆ ಹೋಗುವುದಿಲ್ಲ?

ಪ್ರಶ್ನೆ: ನಾವು ನೀರಾವರಿ ಪಂಪ್‌ಗಳ ವಿದ್ಯುತ್ ಬಳಕೆ ದಾಖಲಿಸುವ ಸಾಧನ ತಯಾರಿಸುತ್ತೇವೆ. ಐ.ಎಂಎಕ್ಸ್ 8ಎಂ ಮಿನಿ ಪ್ರೊಸೆಸರ್ ಇರುವ ನಮ್ಮದೇ ಬೋರ್ಡ್, 8 ಜಿಬಿ ಇಎಂಎಂಸಿ (ಬೋರ್ಡ್ ಮೇಲಿನ ಫ್ಲಾಶ್ ಸಂಗ್ರಹ), ಲಿನಕ್ಸನ್ನು ಎಬ್ಬಿಸುವ ಬೂಟ್‌ಲೋಡರ್ ಯು-ಬೂಟ್. ಸೋರ್ಸ್‌ನಲ್ಲಿ ಬೂಟ್‌ಸಿಎಂಡಿ (ಬೂಟ್ ಆಗುವಾಗ ತಾನಾಗಿ ಓಡುವ ಕಮಾಂಡ್) ಬದಲಿಸಿ ಹೊಸ ಇಮೇಜ್ ಬರೆದರೂ ಹಳೆಯ ಬೂಟ್‌ಸಿಎಂಡಿಯೇ ಓಡುತ್ತದೆ. ಲಿನಕ್ಸ್‌ನಿಂದ ಯು-ಬೂಟ್ ಸೆಟ್ಟಿಂಗ್ ಬದಲಿಸುವ ಎಫ್‌ಡಬ್ಲ್ಯೂ_ಸೆಟ್‌ಎನ್ವ್ ಕೊಟ್ಟರೆ ಮೊದಲ ಸಲ ಸಿಆರ್‌ಸಿ (ದತ್ತಾಂಶ ಕೆಟ್ಟಿಲ್ಲವೆಂದು ತಾಳೆ ನೋಡುವ ಮೊತ್ತ) ತಪ್ಪಿದೆ ಎನ್ನುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಆದರೆ ಬರೆದದ್ದು ಯು-ಬೂಟ್‌ಗೆ ಕಾಣುವುದಿಲ್ಲ. ಕರ್ನಲ್ ಹೊಸದು ಮಾಡಿದ ಮೇಲೆ ಒಂದು ಬಿಲ್ಡ್ ಬೂಟ್ ಆಗುತ್ತದೆ, ಇನ್ನೊಂದು ಆಗುವುದಿಲ್ಲ. ಹೊಲದಲ್ಲಿರುವ ಕೆಲವು ಸಾಧನಗಳು ಮೋಟಾರ್ ಶುರುವಾದಾಗ ರೀಸೆಟ್ ಆಗಿ ಹಾಗೇ ನಿಂತುಬಿಡುತ್ತವೆ. ಪವರ್ ತೆಗೆದು ಹಾಕಿದರೆ ಸರಿಹೋಗುತ್ತವೆ. ಇದನ್ನು ಮಾಡಿದ್ದ ಎಂಜಿನಿಯರ್ ಕೆಲಸ ಬಿಟ್ಟಿದ್ದಾರೆ, ಬರೆದಿಟ್ಟದ್ದು ಏನೂ ಇಲ್ಲ. ಎಲ್ಲಿಂದ ಶುರು ಮಾಡುವುದು? ದಾಖಲೆ ಹೇಗೆ ಬರೆಯುವುದು?

ಉತ್ತರ: ನೀವು ಹೇಳಿದ ನಾಲ್ಕು ತೊಂದರೆಗಳಲ್ಲಿ ಮೊದಲ ಎರಡಕ್ಕೆ ಮೂಲ ಒಂದೇ. ಒಂದೇ ಸೆಟ್ಟಿಂಗ್ ಎರಡು ಮೂರು ಕಡೆ ಕೂತಿದೆ, ಯಾವ ಕಡೆಯದು ಗೆಲ್ಲಬೇಕು ಎಂದು ಯಾರೂ ತೀರ್ಮಾನ ಮಾಡಿಲ್ಲ. ಒಂದು ಸೆಟ್ಟಿಂಗ್‌ಗೆ ಒಂದೇ ಮನೆ ಎಂದು ಗೊತ್ತುಮಾಡಿಕೊಂಡರೆ ಕಾನ್ಫಿಗರೇಷನ್ ಸರಿಹೋಗುತ್ತದೆ, ದಾಖಲೆಯ ಕೆಲಸವೂ ಅರ್ಧ ಮುಗಿಯುತ್ತದೆ. ಮುಂದೆ ಕಾನ್ಫಿಗ್ ಕೀಲಿಗಳ ಹೆಸರನ್ನು ಮೊದಲಿನ ‘ಕಾನ್ಫಿಗ್’ ಪದ ಬಿಟ್ಟು ಬರೆದಿದ್ದೇನೆ.

ಹಳೆಯ ಬೂಟ್‌ಸಿಎಂಡಿಯಿಂದ ಶುರು ಮಾಡೋಣ. ಸೋರ್ಸ್‌ನಲ್ಲಿ ನೀವು ಬದಲಿಸಿದ್ದು ಡೀಫಾಲ್ಟ್ ಎನ್ವಿರಾನ್ಮೆಂಟ್, ಅಂದರೆ ಯು-ಬೂಟ್‌ನ ವೇರಿಯಬಲ್‌ಗಳ ಮೂಲ ಪಟ್ಟಿ. ಅದು ಯು-ಬೂಟ್ ಬೈನರಿಯ ಒಳಗೇ ಇರುತ್ತದೆ. ಯಾರೋ ಒಮ್ಮೆ ಸೇವ್‌ಎನ್ವ್ ಕೊಟ್ಟಾಗ ಆ ಹೊತ್ತಿನ ಎಲ್ಲ ವೇರಿಯಬಲ್‌ಗಳ ಪ್ರತಿ ಇಎಂಎಂಸಿಯಲ್ಲಿ ಬೇರೆ ಜಾಗಕ್ಕೆ ಹೋಗಿ ಕೂತಿತು. ಬದಲಿಸಿದ್ದು ಒಂದೇ ವೇರಿಯಬಲ್ ಆದರೂ ಸೇವ್ ಆಗುವುದು ಪೂರ್ತಿ ಪಟ್ಟಿ. ಮುಂದಿನ ಬೂಟ್‌ನಲ್ಲಿ ಆ ಪ್ರತಿಯ ಸಿಆರ್‌ಸಿ ಸರಿಯಿದ್ದರೆ ಯು-ಬೂಟ್ ಡೀಫಾಲ್ಟನ್ನು ಪೂರ್ತಿ ಬದಿಗಿಟ್ಟು ಸೇವ್ ಆದದ್ದನ್ನೇ ಎತ್ತಿಕೊಳ್ಳುತ್ತದೆ. ಇವೆರಡನ್ನೂ ಬೆರೆಸುವುದಿಲ್ಲ. ಹಾಗಾಗಿ ನೀವು ಸೋರ್ಸ್‌ನಲ್ಲಿ ಹೊಸ ವೇರಿಯಬಲ್ ಸೇರಿಸಿದರೂ ಹಳೆಯ ಸಾಧನದಲ್ಲಿ ಅದು ಹುಟ್ಟುವುದಿಲ್ಲ. ಫರ್ಮ್‌ವೇರ್ ಬರೆಯುವಾಗ ಎನ್ವಿರಾನ್ಮೆಂಟ್ ಇರುವ ಜಾಗವನ್ನು ನೀವು ಮುಟ್ಟುತ್ತಿಲ್ಲ, ಆದ್ದರಿಂದ ಹಳೆಯದು ಅಲ್ಲೇ ಭದ್ರವಾಗಿದೆ.

ಮೇಜಿನ ಮೇಲಿರುವ ಒಂದು ಬೋರ್ಡ್‌ಗಾದರೆ ಪ್ರಾಂಪ್ಟ್‌ನಲ್ಲಿ ‘ಎನ್ವ್ ಡೀಫಾಲ್ಟ್ ಬೂಟ್‌ಸಿಎಂಡಿ’ ಕೊಟ್ಟು ಸೇವ್‌ಎನ್ವ್ ಮಾಡಿ. ಆ ಒಂದು ವೇರಿಯಬಲ್ ಮಾತ್ರ ಡೀಫಾಲ್ಟ್‌ಗೆ ಮರಳುತ್ತದೆ. ಎಲ್ಲವನ್ನೂ ಮರಳಿಸುವ ‘ಎ’ ಆಯ್ಕೆಗೆ ಕೈ ಹಾಕುವ ಮುನ್ನ ಮ್ಯಾಕ್ ವಿಳಾಸ, ಸೀರಿಯಲ್ ನಂಬರ್ ಎಲ್ಲಿವೆ ನೋಡಿಕೊಳ್ಳಿ. ಅವು ಎನ್ವಿರಾನ್ಮೆಂಟ್‌ನಲ್ಲಿ ಮಾತ್ರ ಇದ್ದರೆ ಅಳಿಸಿಹೋಗುತ್ತವೆ. ಈ ಪ್ರೊಸೆಸರ್‌ನಲ್ಲಿ ಮ್ಯಾಕ್ ವಿಳಾಸಕ್ಕೆ ಫ್ಯೂಸ್‌ಗಳಿವೆ. ಕಾರ್ಖಾನೆಯಲ್ಲೇ ಅಲ್ಲಿ ಬರೆದುಬಿಡುವುದು ಸರಿಯಾದ ದಾರಿ.

ಈಗ ಸಿಆರ್‌ಸಿ. ನೀವು ಬರೆದ ಲಕ್ಷಣ ನೋಡಿದರೆ ಕಾರಣ ಬಹುತೇಕ ಇದೇ: ಯು-ಬೂಟ್ ಎನ್ವಿರಾನ್ಮೆಂಟ್‌ನ ಎರಡು ಪ್ರತಿ ಇಟ್ಟುಕೊಂಡಿದೆ, ಲಿನಕ್ಸ್ ಕಡೆಯ ಫೈಲ್‌ನಲ್ಲಿ ಒಂದೇ ಪ್ರತಿಯ ವಿವರವಿದೆ. ಎನ್ವಿರಾನ್ಮೆಂಟ್‌ನ ಮೊದಲ 4 ಬೈಟ್ ಸಿಆರ್‌ಸಿ. ಒಂದೇ ಪ್ರತಿ ಇದ್ದರೆ ಐದನೇ ಬೈಟ್‌ನಿಂದಲೇ ಹೆಸರು, ಸಮ ಚಿಹ್ನೆ, ಬೆಲೆ ಎಂಬ ಸಾಲುಗಳು ಶುರುವಾಗುತ್ತವೆ. ಎರಡು ಪ್ರತಿ ಇದ್ದರೆ ಐದನೇ ಬೈಟ್ ಒಂದು ಎಣಿಕೆ. ಪ್ರತಿ ಸಲ ಸೇವ್ ಆದಾಗ ಅದು ಒಂದು ಹೆಚ್ಚುತ್ತದೆ, ಎರಡರಲ್ಲಿ ಹೊಸದು ಯಾವುದು ಎಂದು ಅದರಿಂದಲೇ ತಿಳಿಯುವುದು. ಸಾಲುಗಳು ಆರನೇ ಬೈಟ್‌ನಿಂದ ಶುರು. ಸಿಆರ್‌ಸಿಯನ್ನು ಲೆಕ್ಕ ಹಾಕುವುದು ತುಂಬಿದ ಭಾಗಕ್ಕೆ ಮಾತ್ರವಲ್ಲ, ಕೊನೆಯ ಖಾಲಿ ಜಾಗವೂ ಸೇರಿ ಪೂರ್ತಿ ಗಾತ್ರಕ್ಕೆ. ಆದ್ದರಿಂದ ಗಾತ್ರದಲ್ಲಿ ತಪ್ಪಿದರೂ, ಈ ಒಂದು ಬೈಟ್ ತಪ್ಪಿದರೂ ಲೆಕ್ಕ ತಾಳೆಯಾಗುವುದಿಲ್ಲ. ಒಳಗಿನ ಅಕ್ಷರಗಳು ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿರುತ್ತವೆ.

ಆಮೇಲೆ ಆಗುವುದು ಇದು. ಲಿನಕ್ಸ್ ಕಡೆಯ ಎಫ್‌ಡಬ್ಲ್ಯೂ_ಸೆಟ್‌ಎನ್ವ್ ಮೊದಲ ಪ್ರತಿಯನ್ನು ಎಣಿಕೆಯ ಬೈಟ್ ಇಲ್ಲದೆ ತನ್ನ ರೀತಿಯಲ್ಲಿ ಬರೆಯುತ್ತದೆ. ತಾನು ಬರೆದದ್ದನ್ನು ತಾನೇ ಓದಿದಾಗ ಲೆಕ್ಕ ಸರಿಬರುತ್ತದೆ, ಎಚ್ಚರಿಕೆ ನಿಲ್ಲುತ್ತದೆ. ಯು-ಬೂಟ್ ಪಾಲಿಗೆ ಮಾತ್ರ ಆ ಪ್ರತಿ ಹಾಳಾಗಿದೆ. ಎರಡನೇ ಪ್ರತಿ ಸರಿಯಿರುವುದರಿಂದ ಅದನ್ನು ಎತ್ತಿಕೊಂಡು ಏನೂ ಆಗದ ಹಾಗೆ ಮುಂದೆ ಹೋಗುತ್ತದೆ. ನಿಮಗೆ ‘ಬರೆದದ್ದು ಕಾಣುವುದಿಲ್ಲ’ ಎನಿಸುವುದು ಇದಕ್ಕೇ. ಒಂದು ಪ್ರತಿ ಹಾಳಾದರೆ ಕಾಪಾಡಬೇಕಾದ ವ್ಯವಸ್ಥೆ ಇಲ್ಲಿ ತಪ್ಪನ್ನು ಮುಚ್ಚಿಡುತ್ತಿದೆ, ಅಷ್ಟೇ ಅಲ್ಲ, ನಿಮ್ಮ ಸಾಧನಗಳು ಇಷ್ಟು ದಿನ ಒಂದೇ ಪ್ರತಿಯ ಮೇಲೆ ನಡೆಯುತ್ತಿವೆ. ಇದನ್ನು ಮೊದಲು ಸರಿಮಾಡಿ.

ಊಹೆ ಬೇಡ, ಕಣ್ಣಾರೆ ನೋಡಿ. ನಿಮ್ಮ ಎನ್ವಿರಾನ್ಮೆಂಟ್ 4 ಎಂಬಿ ಆಫ್‌ಸೆಟ್‌ನಲ್ಲಿ, ಅಂದರೆ ಹೆಕ್ಸ್ 400000ದಲ್ಲಿ ಇದೆ, ಗಾತ್ರ 16 ಕೆಬಿ, ಅಂದರೆ ಹೆಕ್ಸ್ 4000 ಎಂದುಕೊಳ್ಳೋಣ. 512 ಬೈಟ್‌ನ ಲೆಕ್ಕದಲ್ಲಿ ಅದು 8192ನೇ ಬ್ಲಾಕ್‌ನಿಂದ 32 ಬ್ಲಾಕ್. ಯು-ಬೂಟ್ ಪ್ರಾಂಪ್ಟ್‌ನಲ್ಲಿ ಇಎಂಎಂಸಿ ಆಯ್ದುಕೊಂಡು ‘ಎಂಎಂಸಿ ರೀಡ್ 40480000 2000 20’ ಕೊಡಿ, ನಂತರ ‘ಎಂಡಿ.ಬಿ 40480000 40’ ಕೊಟ್ಟು ಮೊದಲ 64 ಬೈಟ್ ನೋಡಿ. 8192, 32 ಎಂದು ಬರೆಯಲಿಲ್ಲ, ಗಮನಿಸಿ. ಈ ಕಮಾಂಡ್‌ಗಳು ಸಂಖ್ಯೆಯನ್ನು ಹೆಕ್ಸ್ ಎಂದೇ ಓದುತ್ತವೆ. 8192 ಎಂದು ಟೈಪ್ ಮಾಡಿದರೆ ಬೇರೆಲ್ಲೋ ಹೋಗಿ ಓದುತ್ತದೆ. ಓದಿದರೆ ನಷ್ಟವಿಲ್ಲ, ಬರೆದರೆ ರೂಟ್ ಫೈಲ್‌ಸಿಸ್ಟಮ್ ಹಾಳಾಗುತ್ತದೆ. ಸೇವ್ ಆಗುವಾಗ ವೇರಿಯಬಲ್‌ಗಳು ಅಕ್ಷರಕ್ರಮದಲ್ಲಿ ಕೂರುತ್ತವೆ, ಹಾಗಾಗಿ ಸಾಮಾನ್ಯವಾಗಿ ‘ಎ’ ಅಥವಾ ‘ಬಿ’ಯಿಂದ ಶುರುವಾಗುವ ಹೆಸರು ಮೊದಲು ಸಿಗುತ್ತದೆ. ಆ ಹೆಸರಿನ ಮೊದಲ ಅಕ್ಷರ ಐದನೇ ಬೈಟ್‌ನಲ್ಲಿದ್ದರೆ ಒಂಟಿ ಪ್ರತಿಯ ರೂಪ, ಆರನೆಯದರಲ್ಲಿದ್ದರೆ ಜೋಡಿ ಪ್ರತಿಯ ರೂಪ. ನಿಮ್ಮ ಹಾಳಾದ ಸಾಧನದಲ್ಲಿ ಒಂದು ಜಾಗದಲ್ಲಿ ಐದು, ಇನ್ನೊಂದರಲ್ಲಿ ಆರು ಸಿಕ್ಕರೆ ಆಶ್ಚರ್ಯವಿಲ್ಲ.

ಸರಿಪಡಿಸಲು ಎರಡು ಕಡೆಯನ್ನೂ ತಾಳೆ ನೋಡಿ. ಯು-ಬೂಟ್ ಬಿಲ್ಡ್ ಆದ ಮೇಲೆ ಸಿಗುವ ಡಾಟ್‌ಕಾನ್ಫಿಗ್ ಫೈಲ್‌ನಲ್ಲಿ ಎನ್ವ್_ಆಫ್‌ಸೆಟ್, ಎನ್ವ್_ಸೈಜ್, ಎರಡನೇ ಪ್ರತಿಯ ಎನ್ವ್_ಆಫ್‌ಸೆಟ್_ರಿಡಂಡ್ ಈ ಮೂರನ್ನೂ ಹುಡುಕಿ. ಬೋರ್ಡ್‌ನ ಆರಂಭಿಕ ಆಯ್ಕೆಗಳ ಚಿಕ್ಕ ಫೈಲಾದ ಡಿಫ್‌ಕಾನ್ಫಿಗ್‌ನಲ್ಲಿ ನೋಡಿ ನಂಬಬೇಡಿ. ಜೋಡಿ ಪ್ರತಿಯ ಮುಖ್ಯ ಕೀಲಿ ಆನ್ ಆಗಿರದಿದ್ದರೆ ಎರಡನೇ ಆಫ್‌ಸೆಟ್‌ನ ಸಾಲು ಡಿಫ್‌ಕಾನ್ಫಿಗ್‌ನಲ್ಲಿ ಇದ್ದರೂ ಬಿಲ್ಡ್ ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಆ ಮುಖ್ಯ ಕೀಲಿಯ ಹೆಸರು ಬಹಳ ವರ್ಷ ‘ರಿಡಂಡಂಡ್’ (ಕೊನೆಗೆ ‘ಟಿ’ ಬದಲು ‘ಡಿ’) ಎಂಬ ತಪ್ಪು ಕಾಗುಣಿತದಲ್ಲೇ ಇತ್ತು. ಸರಿಯಾದ ಕಾಗುಣಿತ ಬರೆದು ಹುಡುಕಿದರೆ ಹಳೆಯ ಸೋರ್ಸ್‌ನಲ್ಲಿ ಸಿಗುವುದಿಲ್ಲ. ಲಿನಕ್ಸ್ ಕಡೆ ಇಟಿಸಿ ಫೋಲ್ಡರ್‌ನ ಎಫ್‌ಡಬ್ಲ್ಯೂ_ಎನ್ವ್.ಕಾನ್ಫಿಗ್ ಫೈಲ್‌ನಲ್ಲಿ ಎರಡು ಸಾಲು ಇರಬೇಕು. ಪ್ರತಿ ಸಾಲಿನಲ್ಲಿ ಡಿವೈಸ್ ಹೆಸರು, ಆಫ್‌ಸೆಟ್, ಗಾತ್ರ. ನಮ್ಮ ಉದಾಹರಣೆಯಲ್ಲಿ ಮೊದಲನೆಯದು ಹೆಕ್ಸ್ 400000, ಎರಡನೆಯದು ಹೆಕ್ಸ್ 420000, ಎರಡಕ್ಕೂ ಗಾತ್ರ ಹೆಕ್ಸ್ 4000. ಎನ್ವಿರಾನ್ಮೆಂಟನ್ನು ಇಎಂಎಂಸಿಯ ಬೂಟ್ ಪಾರ್ಟಿಷನ್‌ನಲ್ಲಿ ಇಟ್ಟಿದ್ದರೆ ಲಿನಕ್ಸ್ ಅದನ್ನು ಓದಲು ಮಾತ್ರ ಬಿಡುತ್ತದೆ. ಸಿಸ್‌ಫ್ಸ್‌ನಲ್ಲಿ ಆ ಪಾರ್ಟಿಷನ್‌ನ ಫೋರ್ಸ್_ಆರ್‌ಒ ಫೈಲ್‌ಗೆ 0 ಬರೆದ ಮೇಲಷ್ಟೇ ಬರೆಯಲು ಸಾಧ್ಯ.

ಜಾಗದ ನಕ್ಷೆಯನ್ನೂ ಇದೇ ಹೊತ್ತಿನಲ್ಲಿ ನೋಡಿಬಿಡಿ. ಪಾರ್ಟಿಷನ್‌ಗಳ ಪಟ್ಟಿಯಾದ ಜಿಪಿಟಿ ಮೊದಲ 34 ಸೆಕ್ಟರ್, ಅಂದರೆ 17 ಕೆಬಿ ತೆಗೆದುಕೊಳ್ಳುತ್ತದೆ. ಈ ಪ್ರೊಸೆಸರ್‌ನ ಬೂಟ್ ರಾಮ್ ಇಮೇಜನ್ನು 33 ಕೆಬಿಯಲ್ಲಿ ಹುಡುಕುತ್ತದೆ. ಎಸ್‌ಪಿಎಲ್ (ಯು-ಬೂಟ್‌ನ ಚಿಕ್ಕ ಮೊದಲ ಹಂತ), ಡಿಡಿಆರ್ ಫರ್ಮ್‌ವೇರ್ (ಮೆಮೊರಿ ಸಿದ್ಧಮಾಡುವುದು), ಟಿಎಫ್-ಎ (ಆರ್ಮ್‌ನ ಭದ್ರತಾ ಫರ್ಮ್‌ವೇರ್), ಯು-ಬೂಟ್ ಎಲ್ಲ ಸೇರಿದ ಆ ಇಮೇಜ್ 4 ಎಂಬಿ ಗಡಿ ಮುಟ್ಟುವಷ್ಟು ಬೆಳೆಯಬಾರದು. ಬೆಳೆದ ದಿನ ಬೂಟ್ ಚೆನ್ನಾಗಿಯೇ ಆಗುತ್ತದೆ. ಯಾರಾದರೂ ಸೇವ್‌ಎನ್ವ್ ಕೊಟ್ಟ ಮೇಲಿನ ಬೂಟ್‌ನಲ್ಲಿ ಬೋರ್ಡ್ ಏಳುವುದಿಲ್ಲ, ಏಕೆಂದರೆ ಎನ್ವಿರಾನ್ಮೆಂಟ್ ಯು-ಬೂಟ್‌ನ ಬಾಲದ ಮೇಲೆ ಬರೆದುಕೊಂಡಿದೆ. ಇಮೇಜ್ ಗಾತ್ರ ನೋಡಿ ಮಿತಿ ಮೀರಿದರೆ ಬಿಲ್ಡ್ ನಿಲ್ಲಿಸುವ ಒಂದು ಸಾಲನ್ನು ನಿಮ್ಮ ಬಿಲ್ಡ್ ಸ್ಕ್ರಿಪ್ಟ್‌ಗೆ ಸೇರಿಸಿ. ಮೊದಲ ಪಾರ್ಟಿಷನ್ 8 ಎಂಬಿಯಿಂದ ಶುರುವಾಗಲಿ.

ಕರ್ನಲ್‌ನ ವಿಷಯ ಬೇರೆ ಥರದ್ದು. ಈ ಪ್ರೊಸೆಸರ್‌ನ ಹಳೆಯ ಸೆಟ್ಟಿಂಗ್‌ಗಳಲ್ಲಿ ಕರ್ನಲ್ ಲೋಡ್ ಆಗುವ ವಿಳಾಸ ಹೆಕ್ಸ್ 40480000, ಡಿವೈಸ್ ಟ್ರೀಯದು (ಬೋರ್ಡ್‌ನ ಹಾರ್ಡ್‌ವೇರ್ ವಿವರದ ಫೈಲ್) ಹೆಕ್ಸ್ 43000000 ಎಂದಿರುತ್ತದೆ. ನಿಮ್ಮ ಎನ್ವಿರಾನ್ಮೆಂಟ್‌ನಲ್ಲೂ ಅವೇ ಇವೆಯೇ ನೋಡಿ. 64 ಬಿಟ್ ಆರ್ಮ್ ಕರ್ನಲ್ 2 ಎಂಬಿಗೆ ಹೊಂದಿದ ವಿಳಾಸದಲ್ಲಿ ಕೂರಬೇಕು. ಹಿಂದೆ ಆ ವಿಳಾಸಕ್ಕೆ ಹೆಕ್ಸ್ 80000 ಸೇರಿಸಿ ಕೂರುತ್ತಿತ್ತು, ಆದ್ದರಿಂದ 40480000 ಸರಿಯಾಗಿ ಹೊಂದುತ್ತಿತ್ತು. ಲಿನಕ್ಸ್ 5.8ರಿಂದ ಆ ಸೇರಿಕೆ ಸೊನ್ನೆಯಾಯಿತು. ಈಗ ಯು-ಬೂಟ್ ಕರ್ನಲನ್ನು ಎತ್ತಿ 40600000ಕ್ಕೆ ಸರಿಸುತ್ತದೆ, ‘ಮೂವಿಂಗ್ ಇಮೇಜ್’ ಎಂಬ ಸಾಲು ಕನ್ಸೋಲ್‌ನಲ್ಲಿ ಕಾಣುತ್ತದೆ. ಅಲ್ಲಿಂದ 43000000ದವರೆಗೆ ಇರುವುದು 42 ಎಂಬಿ. ಕರ್ನಲ್ ತನ್ನ ಬಿಎಸ್‌ಎಸ್ (ಫೈಲ್‌ನಲ್ಲಿ ಇರದೆ, ಓಡುವಾಗ ಮೆಮೊರಿಯಲ್ಲಿ ಮಾತ್ರ ಬೇಕಾಗುವ ಜಾಗ) ಸೇರಿ ಅದಕ್ಕಿಂತ ದೊಡ್ಡದಾದರೆ ಡಿವೈಸ್ ಟ್ರೀ ಮೇಲೆ ಹತ್ತಿ ಕೂರುತ್ತದೆ. ಫೈಲ್ ಗಾತ್ರ 40 ಎಂಬಿ ಇದ್ದರೂ ಬಿಎಸ್‌ಎಸ್ ಸೇರಿಸಿದಾಗ ಮಿತಿ ದಾಟಬಹುದು. ನಾಲ್ಕು ಡ್ರೈವರ್ ಹೆಚ್ಚಿಗೆ ಹಾಕಿದ ಬಿಲ್ಡ್ ಸಾಯುವುದು, ತೆಗೆದ ಬಿಲ್ಡ್ ಬದುಕುವುದು ಇದರಿಂದ. ಹೊಸ ಯು-ಬೂಟ್ ಇದನ್ನು ಹಿಡಿದು, ಡಿವೈಸ್ ಟ್ರೀ ಮೇಲೆ ಕರ್ನಲ್ ಬಂದಿದೆ ಎಂದು ದೋಷ ತೋರಿಸುತ್ತದೆ. ಹಳೆಯದರಲ್ಲಿ ‘ಸ್ಟಾರ್ಟಿಂಗ್ ಕರ್ನಲ್’ ಎಂದ ಮೇಲೆ ಮೌನ. ಡಿವೈಸ್ ಟ್ರೀ ಮತ್ತು ಇನಿಟ್‌ಆರ್‌ಡಿ (ಆರಂಭದ ತಾತ್ಕಾಲಿಕ ಫೈಲ್‌ಸಿಸ್ಟಮ್) ವಿಳಾಸಗಳನ್ನು ಕರ್ನಲ್‌ಗಿಂತ ಕನಿಷ್ಠ 128 ಎಂಬಿ ದೂರ ಇಡಿ, ಹೆಕ್ಸ್ 50000000ದ ಆಸುಪಾಸು ಆದೀತು. ಕರ್ನಲ್ ವಿಳಾಸವನ್ನೂ 40600000 ಎಂದೇ ಕೊಟ್ಟರೆ ಸರಿಸುವ ಕೆಲಸ ಉಳಿಯುತ್ತದೆ. ಯಾರೋ ಎಫ್‌ಡಿಟಿ_ಹೈ ವೇರಿಯಬಲ್‌ಗೆ ಎಲ್ಲ ಬಿಟ್‌ಗಳೂ ಒಂದಾಗಿರುವ ಬೆಲೆ ಹಾಕಿದ್ದರೆ ತೆಗೆಯಿರಿ. ಅದು ಡಿವೈಸ್ ಟ್ರೀಯನ್ನು ಸುರಕ್ಷಿತ ಜಾಗಕ್ಕೆ ಸರಿಸದಂತೆ ತಡೆಯುತ್ತದೆ.

ಮೋಟಾರ್ ಶುರುವಾದಾಗ ನಿಂತುಬಿಡುವ ಸಾಧನಗಳ ಬಗ್ಗೆ ನನ್ನ ಅನುಮಾನ ಕನ್ಸೋಲ್‌ನ ಸೀರಿಯಲ್ ಸಂಪರ್ಕವಾದ ಯುಎಆರ್‌ಟಿಯ ಆರ್‌ಎಕ್ಸ್, ಅಂದರೆ ಅಕ್ಷರ ಸ್ವೀಕರಿಸುವ ಪಿನ್ ಮೇಲೆ. ಕನ್ಸೋಲ್ ಕೇಬಲ್ ಇಲ್ಲದಾಗ ಆ ಪಿನ್ ತೇಲುತ್ತಿದ್ದರೆ ಮೋಟಾರ್‌ನ ಗದ್ದಲ ಅದರಲ್ಲಿ ಅಕ್ಷರಗಳಾಗಿ ಬರುತ್ತದೆ. ಬೂಟ್‌ಡಿಲೇ 2 ಇದ್ದರೆ ಆ ಎರಡು ಸೆಕೆಂಡ್‌ನಲ್ಲಿ ಬಂದ ಯಾವ ಅಕ್ಷರವಾದರೂ ಕೀಲಿ ಒತ್ತಿದಂತೆಯೇ. ಯು-ಬೂಟ್ ಪ್ರಾಂಪ್ಟ್‌ಗೆ ಬಂದು ಕಾಯುತ್ತಾ ಕೂರುತ್ತದೆ. ಬೂಟ್‌ಡಿಲೇ 0 ಇಟ್ಟರೂ ಪೂರ್ತಿ ಪಾರಾಗುವುದಿಲ್ಲ, ಆಗಲೇ ಬಂದು ಕೂತ ಅಕ್ಷರವನ್ನು ಅದು ಒಮ್ಮೆ ನೋಡುತ್ತದೆ. ನೋಡದೇ ಮುಂದೆ ಹೋಗುವುದು ಮೈನಸ್ 2 ಇಟ್ಟಾಗ. ಮೈನಸ್ 1 ಇಟ್ಟರೆ ತಾನಾಗಿ ಬೂಟ್ ಆಗುವುದೇ ನಿಲ್ಲುತ್ತದೆ, ಇವೆರಡನ್ನು ಅದಲುಬದಲು ಮಾಡಿಕೊಳ್ಳಬೇಡಿ. ಹಾರ್ಡ್‌ವೇರ್‌ನಲ್ಲಿ ಆರ್‌ಎಕ್ಸ್ ಗೆರೆಗೆ 10 ಕಿಲೋಓಮ್ ಪುಲ್‌ಅಪ್ ಹಾಕಿ. ಸಾಫ್ಟ್‌ವೇರ್‌ನಲ್ಲಿ ಆಟೋಬೂಟ್_ಕೀಡ್ ಆನ್ ಮಾಡಿ, ಆರೇಳು ಅಕ್ಷರಗಳ ಒಂದು ಪದ ಬಂದರೆ ಮಾತ್ರ ನಿಲ್ಲುವಂತೆ ಮಾಡಿ. ಮೈನಸ್ 2ಕ್ಕೆ ಹೋಗುವ ಮೊದಲು ಯುಎಸ್‌ಬಿ ಮೂಲಕ ಬೂಟ್ ರಾಮ್‌ನ ಸೀರಿಯಲ್ ಡೌನ್‌ಲೋಡ್ ದಾರಿ ನಿಮ್ಮ ಬೋರ್ಡ್‌ನಲ್ಲಿ ನಿಜಕ್ಕೂ ಕೆಲಸ ಮಾಡುತ್ತದೆಯೇ ನೋಡಿ. ಅದಿಲ್ಲದಿದ್ದರೆ ಬೂಟ್‌ಸಿಎಂಡಿ ಕೆಟ್ಟ ದಿನ ಒಳಗೆ ಹೋಗಲು ಬಾಗಿಲೇ ಇರುವುದಿಲ್ಲ.

ಇಷ್ಟು ಆದ ಮೇಲೆ ಸೆಟ್ಟಿಂಗ್‌ಗಳಿಗೆ ಮನೆ ಗೊತ್ತುಮಾಡಿ. ಬೂಟ್ ಆರ್ಗ್ಯುಮೆಂಟ್‌ಗಳು ಕರ್ನಲ್‌ಗೆ ಸೇರಿದವು, ಅವನ್ನು ಕರ್ನಲ್ ಪಕ್ಕದಲ್ಲೇ, ರೂಟ್ ಫೈಲ್‌ಸಿಸ್ಟಮ್‌ನ ಬೂಟ್ ಫೋಲ್ಡರ್‌ನಲ್ಲಿ ಎಕ್ಸ್‌ಟಿಲಿನಕ್ಸ್.ಕಾನ್ಫ್ ಫೈಲ್‌ನಲ್ಲಿ ಇಡಿ. ಕರ್ನಲ್, ಡಿವೈಸ್ ಟ್ರೀ, ಆರ್ಗ್ಯುಮೆಂಟ್‌ಗಳಿರುವ ಅಪೆಂಡ್ ಸಾಲು ಮೂರೂ ಒಟ್ಟಿಗೆ ಅಪ್‌ಡೇಟ್ ಆಗುತ್ತವೆ. ಅಪೆಂಡ್ ಸಾಲಿನಲ್ಲಿ ಡಾಲರ್ ಚಿಹ್ನೆಯ ಯು-ಬೂಟ್ ವೇರಿಯಬಲ್‌ಗಳೂ ಬಿಡಿಸಿಕೊಳ್ಳುತ್ತವೆ, ಹಾಗಾಗಿ ರೂಟ್ ಪಾರ್ಟಿಷನ್‌ನ ಸಂಖ್ಯೆಯನ್ನು ‘ಸ್ಲಾಟ್’ (ಎರಡು ರೂಟ್ ಪಾರ್ಟಿಷನ್‌ಗಳಲ್ಲಿ ಈಗ ಬಳಸುವುದು ಯಾವುದು) ಎಂಬ ವೇರಿಯಬಲ್‌ನಿಂದ ತೆಗೆದುಕೊಳ್ಳಬಹುದು. ಆಗ ಬೂಟ್‌ಸಿಎಂಡಿ ಒಂದೇ ಸಾಲಾಗುತ್ತದೆ: ಆ ಸ್ಲಾಟ್‌ನ ಎಕ್ಸ್‌ಟಿಲಿನಕ್ಸ್ ಫೈಲನ್ನು ಸಿಸ್‌ಬೂಟ್ ಕಮಾಂಡ್‌ನಿಂದ ಓದಿಸುವುದು. ಎಲ್ಲ ಕಡೆ ಹುಡುಕುವ ಬೂಟ್‌ಫ್ಲೋ ಸ್ಕ್ಯಾನ್ ಡೆವಲಪ್‌ಮೆಂಟ್ ಬೋರ್ಡ್‌ಗೆ ಒಳ್ಳೆಯದು. ಒಂದೇ ಇಎಂಎಂಸಿ ಇರುವ, ಬೀಗ ಹಾಕಿ ಹೊಲದಲ್ಲಿ ಬಿಡುವ ಸಾಧನ ಯಾರೋ ಚುಚ್ಚಿದ ಯುಎಸ್‌ಬಿ ಡ್ರೈವ್‌ನಲ್ಲಿ ಕರ್ನಲ್ ಹುಡುಕುವ ಅಗತ್ಯವಿಲ್ಲ.

ಡೀಫಾಲ್ಟ್ ಎನ್ವಿರಾನ್ಮೆಂಟನ್ನು ಹೆಡರ್ ಫೈಲ್‌ನಿಂದ ಹೊರಗೆ ತನ್ನಿ. ಅಲ್ಲಿ ಪ್ರತಿ ವೇರಿಯಬಲ್‌ನ ಕೊನೆಗೆ ಬ್ಯಾಕ್‌ಸ್ಲ್ಯಾಶ್ ಸೊನ್ನೆ ಮರೆತರೆ ಮುಂದಿನ ವೇರಿಯಬಲ್ ಇದಕ್ಕೇ ಅಂಟಿಕೊಂಡು ಮಾಯವಾಗುತ್ತದೆ, ಕಂಪೈಲರ್ ಏನೂ ಹೇಳುವುದಿಲ್ಲ. ಈಗ ಬೋರ್ಡ್ ಫೋಲ್ಡರ್‌ನಲ್ಲೇ ಡಾಟ್‌ಎನ್ವ್ ಎಂಬ ಪಠ್ಯ ಫೈಲ್ ಇಡಬಹುದು, ಹೆಸರನ್ನು ಎನ್ವ್_ಸೋರ್ಸ್_ಫೈಲ್ ಕೀಲಿಯಲ್ಲಿ ಕೊಡಬಹುದು. ಒಳಕ್ಕೆ ಸರಿಸಿ ಬರೆದ ಸಾಲು ಹಿಂದಿನ ವೇರಿಯಬಲ್‌ನ ಮುಂದುವರಿಕೆ. ಟಿಪ್ಪಣಿಯನ್ನು ಸಿ ಭಾಷೆಯ ರೀತಿ ಸ್ಲ್ಯಾಶ್ ನಕ್ಷತ್ರದಿಂದಲೇ ಬರೆಯಬೇಕು. ಶೆಲ್ ಸ್ಕ್ರಿಪ್ಟ್‌ನ ಅಭ್ಯಾಸದಲ್ಲಿ ಹ್ಯಾಶ್ ಹಾಕಿದರೆ ಪ್ರಿಪ್ರೊಸೆಸರ್ ಅದನ್ನು ತನ್ನದೆಂದುಕೊಳ್ಳುತ್ತದೆ. ಮೆನುಕಾನ್ಫಿಗ್‌ನಲ್ಲಿ ಏನೇ ಬದಲಿಸಿದರೂ ‘ಮೇಕ್ ಸೇವ್‌ಡಿಫ್‌ಕಾನ್ಫಿಗ್’ ಕೊಟ್ಟು ಅದರಿಂದ ಬಂದ ಚಿಕ್ಕ ಫೈಲನ್ನು ಮಾತ್ರ ಕಾನ್ಫಿಗ್ಸ್ ಫೋಲ್ಡರ್‌ಗೆ ಹಾಕಿ.

ಸೇವ್ ಆಗುವ ಜಾಗದಲ್ಲಿ ನಾಲ್ಕೇ ವೇರಿಯಬಲ್ ಸಾಕು: ಸ್ಲಾಟ್, ಅಪ್‌ಗ್ರೇಡ್_ಅವೈಲಬಲ್ (ಹೊಸ ಅಪ್‌ಡೇಟ್ ಪರೀಕ್ಷೆಯಲ್ಲಿದೆ ಎಂಬ ಗುರುತು), ಬೂಟ್‌ಕೌಂಟ್ (ಬೂಟ್ ಪ್ರಯತ್ನಗಳ ಎಣಿಕೆ), ಮತ್ತು ಫ್ಯೂಸ್‌ಗೆ ಹೋಗದ ಸೀರಿಯಲ್ ನಂಬರ್. ಉಳಿದವು ಬೈನರಿಯಿಂದಲೇ ಬರಲಿ. ಇದನ್ನು ನಿಯಮವಾಗಿಸಲು ಎನ್ವ್_ರೈಟಬಲ್_ಲಿಸ್ಟ್ ಮತ್ತು ಎನ್ವ್_ಅಪೆಂಡ್ ಎರಡನ್ನೂ ಆನ್ ಮಾಡಿ, ಆ ನಾಲ್ಕಕ್ಕೆ ಮಾತ್ರ ಬರೆಯುವ ಗುರುತು ಕೊಡಿ. ಎನ್ವ್_ಈಸ್_ನೋವೇರ್ ಕೂಡ ಆನ್ ಇರಲಿ, ಬೋರ್ಡ್ ಕೋಡ್‌ನ ಎನ್ವ್_ಗೆಟ್_ಲೊಕೇಷನ್ ಫಂಕ್ಷನ್ ಮೊದಲು ಅದನ್ನು, ನಂತರ ಇಎಂಎಂಸಿಯನ್ನು ಕೊಡಲಿ. ಆಗ ಡೀಫಾಲ್ಟ್ ಮೊದಲು ಬಂದು, ಅದರ ಮೇಲೆ ಈ ನಾಲ್ಕು ಮಾತ್ರ ಸೇರುತ್ತವೆ. ಇಂದಿನ ನಿಮ್ಮ ಮೊದಲ ತೊಂದರೆ ಮತ್ತೆ ಬರಲು ಜಾಗವೇ ಇರುವುದಿಲ್ಲ.

ಬೂಟ್‌ಲಿಮಿಟ್ 3 ಇಟ್ಟರೆ ಅಪ್‌ಗ್ರೇಡ್ ಆದ ಮೇಲೆ ಮೂರು ಸಲ ಸೋತಾಗ ಆಲ್ಟ್‌ಬೂಟ್‌ಸಿಎಂಡಿ ಓಡುತ್ತದೆ, ಅದು ಸ್ಲಾಟ್ ಬದಲಿಸಬೇಕು. ಆಲ್ಟ್‌ಬೂಟ್‌ಸಿಎಂಡಿ ಬರೆಯದೇ ಲಿಮಿಟ್ ಮಾತ್ರ ಇಟ್ಟರೆ ಸಾಧನ ಪ್ರಾಂಪ್ಟ್‌ನಲ್ಲಿ ನಿಲ್ಲುತ್ತದೆ. ಕೈಯಿಂದ ಟೈಪ್ ಮಾಡಿ ಪ್ರಯತ್ನಿಸುವಾಗ ವೇರಿಯಬಲ್‌ನ ಇಡೀ ಬೆಲೆಯನ್ನು ಒಂಟಿ ಉದ್ಧರಣ ಚಿಹ್ನೆಯೊಳಗೆ ಇಡಿ. ಇಲ್ಲದಿದ್ದರೆ ಅರ್ಧವಿರಾಮದ ನಂತರದ ಭಾಗ ವೇರಿಯಬಲ್‌ಗೆ ಹೋಗದೆ ಅಲ್ಲೇ ಓಡಿಬಿಡುತ್ತದೆ.

ದಾಖಲೆಗೆ ಬರುತ್ತೇನೆ. ಪ್ರತ್ಯೇಕ ವರ್ಡ್ ಫೈಲ್ ಬೇಡ. ಅದು ಮೊದಲ ಬದಲಾವಣೆಯಾದ ವಾರವೇ ಸುಳ್ಳಾಗುತ್ತದೆ. ಯು-ಬೂಟ್ ಸೋರ್ಸ್‌ನ ಡಾಕ್ ಫೋಲ್ಡರ್‌ನ ಒಳಗಿನ ಬೋರ್ಡ್ ಫೋಲ್ಡರ್‌ನಲ್ಲಿ ನಿಮ್ಮ ಕಂಪನಿಯ ಹೆಸರಿನ ಜಾಗ ಮಾಡಿ, ಬೋರ್ಡ್‌ಗೆ ಒಂದು ಆರ್‌ಎಸ್‌ಟಿ ಫೈಲ್ ಬರೆಯಿರಿ, ಇಂಡೆಕ್ಸ್ ಫೈಲ್‌ನಲ್ಲಿ ಪುಟಗಳ ಪಟ್ಟಿಯಾದ ಟಾಕ್‌ಟ್ರೀಗೆ ಅದರ ಹೆಸರು ಸೇರಿಸಿ. ಸೇರಿಸದಿದ್ದರೆ ಪುಟ ತಯಾರಿಸುವ ಸ್ಫಿಂಕ್ಸ್ ಎಚ್ಚರಿಸುತ್ತದೆ, ಪುಟ ಯಾರಿಗೂ ಸಿಗುವುದಿಲ್ಲ. ಡಾಕ್ ಫೋಲ್ಡರ್‌ನ ಸ್ಫಿಂಕ್ಸ್‌ನಲ್ಲಿರುವ ರಿಕ್ವೈರ್‌ಮೆಂಟ್ಸ್ ಪಟ್ಟಿಯನ್ನು ಪಿಪ್‌ನಿಂದ ಹಾಕಿಕೊಂಡು ‘ಮೇಕ್ ಎಚ್‌ಟಿಎಂಎಲ್‌ಡಾಕ್ಸ್’ ಕೊಟ್ಟರೆ ಪುಟಗಳು ತಯಾರು.

ವೇರಿಯಬಲ್‌ಗಳ ವಿವರವನ್ನು ಆ ಪುಟದಲ್ಲಿ ಮತ್ತೆ ಟೈಪ್ ಮಾಡಬೇಡಿ. ಡಾಟ್‌ಎನ್ವ್ ಫೈಲ್‌ನಲ್ಲೇ ಪ್ರತಿ ವೇರಿಯಬಲ್‌ನ ಮೇಲೆ ಟಿಪ್ಪಣಿ ಬರೆದು, ಪುಟದಲ್ಲಿ ಲಿಟರಲ್‌ಇನ್‌ಕ್ಲೂಡ್ ಮೂಲಕ ಆ ಫೈಲನ್ನೇ ತೋರಿಸಿ. ಟಿಪ್ಪಣಿಯಲ್ಲಿ ‘ಬೂಟ್ ಸ್ಲಾಟ್’ ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಹೀಗಿರಲಿ: ‘ಸ್ಲಾಟ್. ಬೆಲೆ 1 ಅಥವಾ 2 ಮಾತ್ರ. ಬರೆಯುವವರು ಲಿನಕ್ಸ್‌ನ ಅಪ್‌ಡೇಟ್ ಪ್ರೋಗ್ರಾಂ ಮತ್ತು ಆಲ್ಟ್‌ಬೂಟ್‌ಸಿಎಂಡಿ. ಬೇರೆ ಬೆಲೆ ಬಂದರೆ ಸಿಸ್‌ಬೂಟ್ ಸೋತು ಪ್ರಾಂಪ್ಟ್‌ಗೆ ಬೀಳುತ್ತದೆ.’ ಯಾರು ಬರೆಯುತ್ತಾರೆ, ತಪ್ಪಿದರೆ ಏನಾಗುತ್ತದೆ ಈ ಎರಡು ಮಾತು ಇರುವ ಟಿಪ್ಪಣಿಯೇ ರಾತ್ರಿ ಹೊತ್ತಿನಲ್ಲಿ ಕೆಲಸಕ್ಕೆ ಬರುವುದು. ನೀವೇ ಸೇರಿಸಿದ ಕೆಕಾನ್ಫಿಗ್ ಕೀಲಿಗಳಿಗೂ ಹೆಲ್ಪ್ ಭಾಗದಲ್ಲಿ ಇದೇ ರೀತಿ ಬರೆಯಿರಿ.

ಪುಟದಲ್ಲಿ ಕೈಯಿಂದ ಬರೆಯಬೇಕಾದದ್ದು ಸ್ವಲ್ಪವೇ: ಇಎಂಎಂಸಿಯ ನಕ್ಷೆ, ಬೂಟ್ ಸ್ವಿಚ್‌ಗಳ ಸ್ಥಾನ, ಯಾವ ಆವೃತ್ತಿಯ ಟಿಎಫ್-ಎ ಮತ್ತು ಡಿಡಿಆರ್ ಫರ್ಮ್‌ವೇರ್ ಜೊತೆ ಬಿಲ್ಡ್ ಆಗಿದೆ, ಸತ್ತ ಬೋರ್ಡನ್ನು ಎಬ್ಬಿಸುವ ಹೆಜ್ಜೆಗಳು. ಕೊನೆಯದನ್ನು ಹೊಲಕ್ಕೆ ಹೋಗುವ ತಂತ್ರಜ್ಞರಿಗಾಗಿ ಒಂದೇ ಹಾಳೆಯಲ್ಲಿ ಕನ್ನಡದಲ್ಲೂ ಬರೆದುಕೊಡಿ, ಕಮಾಂಡ್‌ಗಳು ಮಾತ್ರ ಇದ್ದ ಹಾಗೇ ಇರಲಿ. ಪ್ರತಿ ರಿಲೀಸ್‌ನಲ್ಲಿ ‘ಮೇಕ್ ಯು-ಬೂಟ್-ಇನಿಷಿಯಲ್-ಎನ್ವ್’ ಕೊಟ್ಟು ಬರುವ ಪಠ್ಯವನ್ನು ಇಮೇಜ್ ಜೊತೆ ಇಡಿ. ಎರಡು ರಿಲೀಸ್‌ಗಳ ನಡುವೆ ಏನು ಬದಲಾಯಿತು ಎಂದು ಡಿಫ್ ನೋಡಿದರೆ ಸಾಕು. ಎಫ್‌ಡಬ್ಲ್ಯೂ_ಸೆಟ್‌ಎನ್ವ್‌ಗೆ ಲಿಬ್‌ಯುಬೂಟ್‌ಎನ್ವ್ ಲೈಬ್ರರಿ ಬಳಸುವವರಾದರೆ ಇದೇ ಫೈಲ್ ಸಾಧನದ ಇಟಿಸಿ ಫೋಲ್ಡರ್‌ನಲ್ಲೂ ಇರಬೇಕು. ಎರಡೂ ಪ್ರತಿ ಹಾಳಾದಾಗ ಅದು ಡೀಫಾಲ್ಟನ್ನು ಅಲ್ಲಿಂದಲೇ ಓದುವುದು.

ಹೊಲದಲ್ಲಿರುವ ಸಾಧನಗಳಿಗೆ ಅಪ್‌ಡೇಟ್ ಕಳಿಸುವಾಗ ಕ್ರಮ ತಪ್ಪಿಸಬೇಡಿ. ಮೊದಲು ಈಗಿನ ಎರಡೂ ಪ್ರತಿಗಳ 16 ಕೆಬಿಯನ್ನು ಫೈಲ್‌ಗೆ ನಕಲು ಮಾಡಿ, ಸೀರಿಯಲ್ ನಂಬರ್ ಅದರಲ್ಲಿ ಇದೆಯೇ ನೋಡಿ. ನಂತರ ಎರಡು ಸಾಲಿನ ಎಫ್‌ಡಬ್ಲ್ಯೂ_ಎನ್ವ್.ಕಾನ್ಫಿಗ್ ಹಾಕಿ. ಆಮೇಲೆ ಬೇಕಾದ ಬದಲಾವಣೆಗಳನ್ನೆಲ್ಲ ಒಂದೇ ಫೈಲ್‌ನಲ್ಲಿ ಬರೆದು ಎಫ್‌ಡಬ್ಲ್ಯೂ_ಸೆಟ್‌ಎನ್ವ್‌ನ ‘ಎಸ್’ ಆಯ್ಕೆಯಿಂದ ಒಂದೇ ಸಲಕ್ಕೆ ಹಾಕಿ, ಒಂದೊಂದಾಗಿ ಹಾಕುವಾಗ ನಡುವೆ ಕರೆಂಟ್ ಹೋದರೆ ಅರ್ಧ ಹಳೆಯದು ಅರ್ಧ ಹೊಸದು ಉಳಿಯುತ್ತದೆ. ಹೊಸ ಯು-ಬೂಟ್ ಕೊನೆಗೆ. ಕಳಿಸುವ ಮೊದಲು ಒಂದು ಬೋರ್ಡನ್ನು ರಿಲೇಗೆ ಕಟ್ಟಿ, ಎನ್ವಿರಾನ್ಮೆಂಟ್ ಬರೆಯುತ್ತಿರುವಾಗಲೇ ನೂರು ಸಲ ಪವರ್ ಕತ್ತರಿಸಿ ನೋಡಿ. ಪ್ರತಿ ಸಲವೂ ಎರಡರಲ್ಲಿ ಒಂದು ಪ್ರತಿಯಾದರೂ ಸರಿಯಾಗಿ ಏಳಬೇಕು. ಒಮ್ಮೆ ತಪ್ಪಿದರೂ ಆಫ್‌ಸೆಟ್‌ಗಳನ್ನು ಮತ್ತೆ ಅಳೆಯಿರಿ.